ಮೂರು ಮೂಟೆ ಎತ್ತರ

ಕಳೆದ ತಿಂಗಳು ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಕಾಫಿ ವ್ಯಾಪಾರಿಯೊಬ್ಬರ ಗೋದಾಮಿನ ಮೇಲಿರುವ ಮಹಡಿಗೆ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದೆ. ಬಲಮಂಡಿ ಊದಿ, ಊತ ಇಳಿದ ಮೇಲೂ ಮಡಚಲು ಒಪ್ಪದೆ ಎರಡು ತಿಂಗಳಾಗಿತ್ತು. ಅಲ್ಲಿ ಫಿಸಿಯೋಥೆರಪಿ ಮಾಡುವ ಸುಮಾ ನನ್ನ ಕಾಲನ್ನು ಅತ್ತಿತ್ತ ತಿರುಗಿಸಿ ನೋಡಿ, "ಕುಕ್ಕರಗಾಲಲ್ಲಿ ಕೂತ್ಕೊಳಿ ನೋಡಣ ರೈಟ್ರೆ, ಎಷ್ಟಾಗುತ್ತೋ ಅಷ್ಟೇ ಸಾಕು" ಎಂದಳು. ನಾನು ಅರ್ಧಕ್ಕೆ ಇಳಿದು, ಕೈಗೆ ಸಿಕ್ಕ ಮೇಜನ್ನು ಹಿಡಿದು ನಿಂತುಬಿಟ್ಟೆ. ಕೆಳಗಿನ ಗೋದಾಮಿನಿಂದ ಗೋಣಿಚೀಲದ ವಾಸನೆ, ಅದರ ಜೊತೆಗೆ ಒಣಗಿದ ಕಾಫಿ ಹಣ್ಣಿನ ಹುಳಿ ಘಾಟು ಕಿಟಕಿಯಿಂದ ಬರುತ್ತಿತ್ತು. ಸುಮಾ ಒಂದು ಚೀಟಿಯಲ್ಲಿ ಏನೋ ಬರೆದುಕೊಂಡಳು. ಹೇಳಲು ಅವಳಿಗೆ ಬೇಕಾದಷ್ಟಿತ್ತು. ಎಂಟು ವರ್ಷದ ಹಿಂದಿನ ಕುಯ್ಲಿನಲ್ಲಿ ನಾನು ಮಾಡಿದ್ದನ್ನು ಕಣ್ಣಾರೆ ಕಂಡವಳು ಅವಳು.

ಆಗ ನಾನು ಬಣಕಲ್ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಕರೆಯುವುದು, ಸಂಜೆ ಕುಯ್ದ ಹಣ್ಣು ತೂಗಿಸುವುದು, ಉಳಿದ ಹೊತ್ತು ಗೋದಾಮಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಾ ಓಡಾಡುವುದು, ಇದು ಕೆಲಸ. ಇದರ ಜೊತೆಗೆ ಯಾರೂ ಹೇಳದೆ ಮಾಡುತ್ತಿದ್ದ ಇನ್ನೊಂದು ಕೆಲಸವಿತ್ತು, ಎಲ್ಲರನ್ನೂ ಹೀಗಳೆಯುವುದು. ಧಣಿಗಳನ್ನು ಮನಸ್ಸಿನಲ್ಲೇ, ಆಳುಗಳನ್ನು ಬಾಯಿಬಿಟ್ಟು. ಅದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿತ್ತು.

ದೊಡ್ಡ ಗೌಡ್ರು ಹೋದ ಮೇಲೆ ತೋಟ ನೋಡಿಕೊಳ್ಳುತ್ತಿದ್ದವರು ಅವರ ಮಗ. ನಾವೆಲ್ಲ ಸಣ್ಣ ಗೌಡ್ರು ಎನ್ನುತ್ತಿದ್ದೆವು. ಮನುಷ್ಯ ಒಳ್ಳೆಯವರೇ, ಆದರೆ ಯಾರು ಏನು ಹೇಳಿದರೂ ನಂಬುವ ಪೈಕಿ. ಒಂದು ವರ್ಷ ಮೊಲ ಸಾಕಿದರು, ಮೊಲಗಳು ಬೇಲಿಯ ಅಡಿಗೆ ಬಿಲ ತೋಡಿಕೊಂಡು ಕಾಡಿಗೆ ಹೋದವು. ಮರುವರ್ಷ ಕೆರೆಯ ಪಕ್ಕ ಡೇರೆ ಹಾಕಿಸಿದರು, ಆನೆ ಬಂದು ನೋಡಿಕೊಂಡು ಹೋಯಿತು, ಆಮೇಲೆ ಗೆಸ್ಟುಗಳು ಬರಲಿಲ್ಲ. ಆ ವರ್ಷ ಹಳೇ ಬಂಗಲೆಗೆ ಸುಣ್ಣ ಬಳಿಸಿ, ದೇಹದ ಸಹಜ ಚಲನೆಯನ್ನು ಮರಳಿ ಪಡೆಯುವ ಶಿಬಿರ ಎಂದು ಬೋರ್ಡು ಹಾಕಿಸಿದರು. ನಡೆಸಿಕೊಡಲು ಬೆಂಗಳೂರಿನಿಂದ ಒಬ್ಬ ಬಂದ. ಮೂವತ್ತೈದರ ಆಸುಪಾಸು, ಗಡ್ಡ, ಬರಿಗಾಲು. ಅವನನ್ನು ಎಲ್ಲರೂ ಕೋಚ್ ಎನ್ನಬೇಕೆಂದು ಅಪ್ಪಣೆಯಾಯಿತು.

ಡಿಸೆಂಬರಿನ ಇಬ್ಬನಿಯಲ್ಲಿ ಹಾಜರಿ ಪುಸ್ತಕ ಹಿಡಿದು ನಾನು ಬಂಗಲೆಯ ಮುಂದೆ ಹಾದು ಹೋಗುವಾಗ, ಲಾನಿನ ಮೇಲೆ ಹತ್ತು ಹದಿನೈದು ಜನ ದೊಡ್ಡ ಮನುಷ್ಯರು ಅಂಬೆಗಾಲಿಡುತ್ತಿರುತ್ತಿದ್ದರು. ಒಬ್ಬ ಬ್ಯಾಂಕಿನ ಸಾಹೇಬನಂತೆ, ಒಬ್ಬಳು ಹಲ್ಲಿನ ಡಾಕ್ಟರಂತೆ. ಹಲಸಿನ ಮರದ ಕೊಂಬೆಗೆ ನೇತಾಡುತ್ತಿದ್ದರು. ಕೊಂಬೆ ಬಿಟ್ಟು ಕೆಳಗಿಳಿದವರ ಮುಖದಲ್ಲಿ ಏನೋ ಸಾಧಿಸಿದ ಕಳೆ. ಬಂಗಲೆಯ ಪ್ರತಿ ಕೋಣೆಯಲ್ಲಿ ಕಮೋಡು ಇತ್ತು, ಪ್ರತಿ ಕಮೋಡಿನ ಮುಂದೆ ಒಂದು ಮರದ ಮಣೆ ಇತ್ತು. ಕಮೋಡಿನ ಮೇಲೆ ಕೂತು, ಕಾಲನ್ನು ಆ ಮಣೆಯ ಮೇಲಿಟ್ಟರೆ ಕುಕ್ಕರಗಾಲಲ್ಲಿ ಕೂತ ಹಾಗಾಗುತ್ತದಂತೆ, ಅದೇ ಸಹಜ ಭಂಗಿಯಂತೆ. ಮಣೆಗಳನ್ನು ಮಾಡಿಸಿ ತಂದವನು ನಾನೇ. ತರುವಾಗ ದಾರಿಯುದ್ದಕ್ಕೂ ಜೀಪಿನಲ್ಲಿ ಒಬ್ಬನೇ ನಗುತ್ತಿದ್ದೆ.

ಶಿಬಿರದ ಕೊನೆಯ ದಿನ ಎರಡು ನಿಮಿಷ ಕುಕ್ಕರಗಾಲಲ್ಲಿ ಕೂತವರಿಗೆ ಚಪ್ಪಾಳೆ. ಬಂಗಲೆಯಿಂದ ಕೂಗಳತೆಯಲ್ಲಿ, ಕಾಫಿ ಗಿಡಗಳ ಬುಡದಲ್ಲಿ ನಮ್ಮ ಹೆಂಗಸರು ಬೆಳಗಿನಿಂದ ಹಾಗೇ ಕೂತು ಉದುರಿದ ಹಣ್ಣು ಹೆಕ್ಕುತ್ತಿದ್ದರು. ಅವರಿಗೆ ಚಪ್ಪಾಳೆ ಹೊಡೆಯಲು ಯಾರೂ ಬಂದಿರಲಿಲ್ಲ. ನಾನೂ ಹೊಡೆದಿರಲಿಲ್ಲ ಅನ್ನಿ.

ಶಿಬಿರ ನಡೆಸುವವರಲ್ಲಿ ಇದನ್ನೆಲ್ಲ ಓದಿ ಕಲಿತವಳು ಒಬ್ಬಳೇ ಒಬ್ಬಳಿದ್ದಳು, ಹತ್ತಿರದ ಜಾವಳಿ ಊರಿನ ಸುಮಾ. ಮಂಗಳೂರಿನಲ್ಲಿ ಫಿಸಿಯೋಥೆರಪಿ ಕಲಿತು ಆಗಷ್ಟೇ ಬಂದಿದ್ದಳು. ಮೂಳೆ, ಕೀಲು, ಸ್ನಾಯು ಎಲ್ಲದರ ಹೆಸರು ಗೊತ್ತಿದ್ದವಳಿಗೆ ಕೋಚ್ ಕೊಟ್ಟ ಕೆಲಸ ಚಾಪೆ ಹಾಸುವುದು, ಚಾಪೆ ಮಡಚುವುದು, ಅವನ ನೀರಿನ ಬಾಟಲಿ ಹಿಡಿದು ಹಿಂದೆ ನಿಲ್ಲುವುದು. ಇವಳೂ ಅವನಂಥವಳೇ ಎಂದು, ನಾನು ಹೀಗಳೆಯುವವರ ಪಟ್ಟಿಗೆ ಅವಳನ್ನೂ ಸೇರಿಸಿಕೊಂಡಿದ್ದೆ.

ಇನ್ನು ಗಿರಿಜಕ್ಕ. ಆಗ ನಾನು ಗಿರಿಜಾ ಎಂದೇ ಕರೆಯುತ್ತಿದ್ದೆ, ನನಗಿಂತ ನಾಲ್ಕು ವರ್ಷ ದೊಡ್ಡವಳಾದರೂ. ಮೂವತ್ತು ವರ್ಷದಿಂದ ಅದೇ ತೋಟದ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಇದ್ದವಳು. ಹಣ್ಣು ಕುಯ್ಯುವುದರಲ್ಲಿ ಅವಳ ಮುಂದೆ ಯಾರೂ ಇರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಪಂಪ್‌ಹೌಸಿನ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದು, ಎಡಗಾಲಿನ ಪಾದದ ಗಂಟಿನ ಹತ್ತಿರ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಪಟ್ಟಿ ಹಾಕಿದರು, ಬಿಚ್ಚಿದರು, ಮೂಳೆ ಕೂಡಿದೆ ಮನೆಗೆ ಹೋಗಮ್ಮ ಎಂದರು. ಮೂಳೆ ಕೂಡಿತ್ತು, ನಿಜ. ಆದರೆ ಪಾದ ಸೆಟೆದು ಹೋಗಿತ್ತು. ನಡೆಯುವಾಗ ಪಾದವನ್ನು ಹೊರಕ್ಕೆ ತಿರುಗಿಸಿಕೊಂಡು, ಗುಡ್ಡ ಹತ್ತುವಾಗ ಅಡ್ಡಡ್ಡ ಹತ್ತುತ್ತಿದ್ದಳು. ನಿಂತು ಕುಯ್ಯುತ್ತಿದ್ದಳು, ಕುಕ್ಕರಗಾಲಲ್ಲಿ ಕೂರಲು ಮಾತ್ರ ಆಗುತ್ತಿರಲಿಲ್ಲ.

ಕೂರಲಾಗದಿದ್ದರೆ ಏನಾಗುತ್ತದೆ ಎಂದು ನನಗೆ ತಿಳಿಯದೇ ಇರಲಿಲ್ಲ. ಅವಳ ಸೊಸೆ ಲತಾ ಒಂದು ಸಂಜೆ ತೂಕ ಮುಗಿದ ಮೇಲೆ ನನ್ನ ಹತ್ತಿರ ಬಂದು, ಅಕ್ಕಪಕ್ಕ ನೋಡಿ ಹೇಳಿದ್ದಳು.

"ರೈಟ್ರೆ, ಗೌಡ್ರಿಗೆ ಒಂದು ಮಾತು ಹೇಳ್ತೀರಾ? ಅತ್ತೆಗೆ ಲೈನಿನ ಕಕ್ಕಸಲ್ಲಿ ಕೂರಕ್ಕಾಗಲ್ಲ. ನಾನು ಹಿಂದಿಂದ ಕಂಕುಳಿಗೆ ಕೈ ಕೊಟ್ಟು ಹಿಡ್ಕಂಡು ನಿಲ್ಬೇಕು. ನಾಚ್ಕೆಗೆ ನೀರೇ ಕುಡಿಯಲ್ಲ ಅವ್ರು. ರಾತ್ರಿ ಊಟನೂ ಬಿಟ್ಟಿದಾರೆ. ಒಂದು ಕಮೋಡು ಹಾಕ್ಸಿ ಕೊಟ್ರೆ..."

"ಲೈನಿಗೆ ಕಮೋಡಾ? ನಾಳೆ ಲಿಫ್ಟ್ ಕೇಳ್ತೀರಾ ಮಾರಾಯ್ತಿ?"

ಸುತ್ತ ನಿಂತಿದ್ದ ಗಂಡಾಳುಗಳು ನಕ್ಕರು. ಲತಾ ಹೊರಟುಹೋದಳು. ಗೌಡ್ರಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ಅವರು ಮರುದಿನವೇ ಹಾಕಿಸುತ್ತಿದ್ದರು, ಮೊಲಕ್ಕೆ ಗೂಡು ಕಟ್ಟಿಸಿದ ಮನುಷ್ಯ ಅವರು. ಹೇಳಲು ನನಗೆ ಬೇಡವೆನಿಸಿತು, ಅಷ್ಟೇ.

ಜನವರಿಯಲ್ಲಿ ಒಂದು ಬೆಳಿಗ್ಗೆ ಸಣ್ಣ ಗೌಡ್ರ ಫೋನು. "ರೈಟ್ರೆ, ಕೋಚಿಗೆ ಒಬ್ರು ವಯಸ್ಸಾದ ಆಳು ಬೇಕಂತೆ. ಗೆಸ್ಟುಗಳಿಗೆ ಕೂರೋದು ತೋರಿಸಕ್ಕೆ. ಜೀವಮಾನ ಎಲ್ಲ ಕುಕ್ಕರಗಾಲಲ್ಲಿ ಕೂತವ್ರ ಕೀಲು ಬೆಣ್ಣೆ ಇದ್ದಂಗೆ ಇರುತ್ತಂತೆ. ಯಾರನ್ನಾದ್ರೂ ಕಳ್ಸಿ."

ವಯಸ್ಸಾದವರು ಬೇಕಾದಷ್ಟು ಜನ ಇದ್ದರು. ಎಪ್ಪತ್ತರ ಮುದುಕಿಯೊಬ್ಬಳು ಕುಕ್ಕರಗಾಲಲ್ಲಿ ಕೂತೇ ನಿದ್ದೆ ಮಾಡುತ್ತಿದ್ದಳು, ಅವಳನ್ನು ಕಳಿಸಬಹುದಿತ್ತು. ನನಗೆ ಹೊಳೆದದ್ದು ಗಿರಿಜಾ. ಆ ಬೆಣ್ಣೆಯ ಕತೆ ಹೇಳುವವನ ಎದುರು ಇವಳನ್ನು ನಿಲ್ಲಿಸಿದರೆ ಹೇಗಿರುತ್ತದೆ ಎಂದು ಹೊಳೆಯಿತು. ಅವನ ಮುಖ ನೋಡಬೇಕು ಅನ್ನಿಸಿತು. ಅವಳ ಮುಖ ಹೇಗಿರುತ್ತದೆ ಎಂಬುದು ನನ್ನ ಲೆಕ್ಕದಲ್ಲೇ ಇರಲಿಲ್ಲ.

"ಗಿರಿಜಾ, ಬಂಗ್ಲೆಗೆ ಹೋಗ್ಬೇಕಂತೆ ನೀನು. ಸ್ವಲ್ಪ ಹೊತ್ತು ಕೂತು ಬಂದ್ರೆ ಆಯ್ತು."

"ನಂಗೆ ಕೂರಕ್ಕಾಗಲ್ಲ ಅಂತ ಗೊತ್ತಲ್ಲ ರೈಟ್ರೆ ನಿಮ್ಗೆ?"

"ಕುರ್ಚಿ ಇರುತ್ತೆ ಅಲ್ಲಿ. ಕಾಫಿನೂ ಕೊಡ್ತಾರೆ. ಕೂತು ಬಾ ಹೋಗು."

ಅವಳು ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಕೊಡವಿ, ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು ಹೋದಳು. ದೊಡ್ಡವರ ಮನೆಗೆ ಹೋಗುವ ಹಾಗೆ. ನಾನು ಬೇರೆ ದಾರಿಯಲ್ಲಿ ಹೋಗಿ ದಾಸವಾಳದ ಬೇಲಿಯ ಹಿಂದೆ ನಿಂತುಕೊಂಡೆ.

ಶಿಬಿರದಲ್ಲಿ ಕುರ್ಚಿಗೆ ಪ್ರವೇಶವಿರಲಿಲ್ಲ, ಅದು ಕೋಚಿನ ನಿಯಮ. ಗೆಸ್ಟುಗಳು ಅರ್ಧಚಂದ್ರಾಕಾರದಲ್ಲಿ ನಿಂತಿದ್ದರು. ಕೋಚ್ ಗಿರಿಜಕ್ಕನ ಹೆಗಲ ಮೇಲೆ ಕೈಯಿಟ್ಟು ನಡುವೆ ಕರೆದುಕೊಂಡು ಬಂದ.

"ಅಮ್ಮಾ, ಮನೇಲಿ ಹೇಗೆ ಕೂರ್ತೀರೋ ಹಾಗೇ ಕೂತ್ಕೊಳಿ. ನೀವೆಲ್ಲ ಅವರ ಹಿಮ್ಮಡಿ ನೋಡ್ತಾ ಇರಿ, ನೆಲ ಬಿಡಲ್ಲ ಅದು."

ಅವಳು ಕುರ್ಚಿ ಎಲ್ಲಿದೆ ಎಂದು ಸುತ್ತ ನೋಡಿದಳು. ನೋಡುತ್ತಾ ನೋಡುತ್ತಾ ಬೇಲಿಯ ಹಿಂದಿದ್ದ ನನ್ನನ್ನು ಕಂಡಳು. ಆಗಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಧಣಿಗಳ ಗೆಸ್ಟುಗಳ ಮುಂದೆ ಆ ಮಾತು ಅವಳ ಬಾಯಿಗೆ ಬರಲಿಲ್ಲ. ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು ಇಳಿಯಲು ನೋಡಿದಳು. ಎಡಗಾಲಿನ ಹಿಮ್ಮಡಿ ನೆಲ ಬಿಟ್ಟು ಮೇಲೆ ಬಂತು. ಕೈಗೆ ಏನೂ ಸಿಗಲಿಲ್ಲ. ಹಿಂದಕ್ಕೆ ಬಿದ್ದಳು. ಸೀರೆ ಮಂಡಿಯವರೆಗೆ ಸರಿಯಿತು. ಯಾರದೋ ಫೋನು ಅವಳ ಕಡೆಗೇ ತಿರುಗಿತ್ತು.

"ನೋಡಿದ್ರಾ?" ಕೋಚ್ ಒಂದು ಕ್ಷಣ ತಬ್ಬಿಬ್ಬಾದರೂ ಚೇತರಿಸಿಕೊಂಡ. "ಕುರ್ಚಿ ನಮ್ಮ ದೇಹಕ್ಕೆ ಏನು ಮಾಡಿದೆ ನೋಡಿದ್ರಾ?"

ಗಿರಿಜಕ್ಕನ ಮನೆಯಲ್ಲಿ ಕುರ್ಚಿಯೇ ಇರಲಿಲ್ಲ.

ನನಗೆ ನಗು ಬಂತು. ಮುಚ್ಚಿಡುವುದಿಲ್ಲ. ಅಷ್ಟು ಜನರ ಮುಂದೆ ಆ ಮನುಷ್ಯ ಹೇಳಿದ ಆ ಮಾತಿಗೆ ನಗು ತಡೆಯಲಾಗಲಿಲ್ಲ, ಜೋರಾಗಿಯೇ ನಕ್ಕೆ. ಹುಲ್ಲಿನ ಮೇಲೆ ಬಿದ್ದಲ್ಲಿಂದಲೇ ಅವಳು ನನ್ನನ್ನು ನೋಡುತ್ತಿದ್ದಾಳೆ ಎಂದು ಗೊತ್ತಾದದ್ದು ನಕ್ಕು ಮುಗಿದ ಮೇಲೆ. ಅವಳನ್ನು ನೋಡಿ ನಗಲಿಲ್ಲ ಎಂದು ಹೇಳಲು ನನಗೆ ಆಮೇಲೆ ಎಷ್ಟೋ ಸಲ ಮನಸ್ಸಾಗಿದೆ. ಹೇಳಿ ಏನು ಪ್ರಯೋಜನ, ಅವಳನ್ನು ಅಲ್ಲಿ ಬೀಳಿಸಿದವನು ನಾನೇ ತಾನೆ.

ನೀರಿನ ಬಾಟಲಿಯನ್ನು ಲಾನಿನ ಮೇಲೆ ಹಾಗೇ ಬಿಸಾಕಿ ಓಡಿಬಂದವಳು ಸುಮಾ. ಸೀರೆ ಸರಿಮಾಡಿ, ಎಬ್ಬಿಸಿ, ಯಾರ ಅಪ್ಪಣೆಯನ್ನೂ ಕೇಳದೆ ಗೋದಾಮಿನ ಜಗಲಿಗೆ ಕರೆದುಕೊಂಡು ಹೋದಳು. ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಗಿರಿಜಕ್ಕನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒತ್ತಿ ನೋಡುತ್ತಿದ್ದಳು.

"ಇಷ್ಟು ದಿನ ಮಂಡಿಗೆ ಎಣ್ಣೆ ಹಚ್ತಿದ್ರಂತೆ. ಮಂಡಿ ಚೆನ್ನಾಗೇ ಇದೆ. ಪಾದದ ಗಂಟು ಮಡಚ್ತಿಲ್ಲ. ಅದು ಮಡಚದೆ ಮಂಡಿ ಮುಂದೆ ಹೋಗಲ್ಲ. ಮಂಡಿ ಮುಂದೆ ಹೋಗದೆ ಕೂರಕ್ಕೆ ಹೋದ್ರೆ ಯಾರಾದ್ರೂ ಹಿಂದಕ್ಕೇ ಬೀಳೋದು." ಆಮೇಲೆ ತಲೆಯೆತ್ತದೆ, "ರೈಟ್ರೆ, ಮೂರು ಮೂಟೆ ಇಲ್ಲಿ ಒಂದರ ಮೇಲೊಂದು ಹಾಕ್ಸಿ" ಎಂದಳು.

"ಕಾಫಿ ಮೂಟೆ ಇರೋದು ಕೂರಕ್ಕಲ್ಲ ಮಾರಾಯ್ತಿ. ಗೌಡ್ರು ಕೇಳಿದ್ರೆ ನಾನೆಂತ ಹೇಳ್ಲಿ?"

"ಕೂರಕ್ಕಾಗಲ್ಲ ಅಂತ ಗೊತ್ತಿದ್ದೂ ಇವ್ರನ್ನ ಅಲ್ಲಿಗೆ ಕಳ್ಸಿದ್ದು ಯಾಕೆ ಅಂತ ನಾನು ಗೌಡ್ರಿಗೆ ಹೇಳ್ಲಾ?"

ದನಿ ಏರಿಸಲೂ ಇಲ್ಲ ಆ ಹುಡುಗಿ. ನಾನು ಮೂಟೆ ಹಾಕಿಸಿದೆ.

ಅಂದಿನಿಂದ ಬೆಳಿಗ್ಗೆ ಹಾಜರಿಗೆ ಮೊದಲು, ಸಂಜೆ ತೂಕವಾದ ಮೇಲೆ, ಗೋದಾಮಿನ ಜಗಲಿಯಲ್ಲಿ ಅವರಿಬ್ಬರ ಕೆಲಸ. ಗಿರಿಜಕ್ಕ ಗೋಡೆಗೆ ಎದುರಾಗಿ ನಿಂತು, ಎಡಪಾದವನ್ನು ಗೋಡೆಯಿಂದ ಎರಡು ಬೆರಳು ಹಿಂದೆ ಇಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಬೇಕು. ತಾಗಿದರೆ ಮೂರು ಬೆರಳು ಹಿಂದೆ. ಆಮೇಲೆ ನಾಲ್ಕು. ಅದಾದ ಮೇಲೆ ಮೂರು ಮೂಟೆಗಳ ಮೇಲೆ ನಿಧಾನವಾಗಿ ಕೂತು, ಕೈ ಊರದೆ ಏಳಬೇಕು, ಅದು ಸಲೀಸಾದಂತೆ ಒಂದೊಂದೇ ಮೂಟೆ ಕಡಿಮೆ. ಗುಡ್ಡ ಹತ್ತುವಾಗ ಅಡ್ಡಡ್ಡ ಹತ್ತಕೂಡದು, ಪಾದ ನೆಟ್ಟಗಿಟ್ಟು ಹತ್ತಬೇಕು. ಇಷ್ಟೇ. ಇದರಲ್ಲಿ ನೋಡಲು ಏನೂ ಇರಲಿಲ್ಲ, ಫೋಟೋ ತೆಗೆಯುವಂಥದ್ದಂತೂ ಇರಲೇ ಇಲ್ಲ. ಹಾಗಾಗಿಯೋ ಏನೋ ಕೋಚ್ ಆ ಕಡೆ ಒಮ್ಮೆಯೂ ತಲೆ ಹಾಕಲಿಲ್ಲ. ಇದರಿಂದ ಏನೂ ಆಗುವುದಿಲ್ಲ ಎಂದು ನಾನು ಆಳುಗಳ ಮೇಸ್ತ್ರಿಗೆ ಹೇಳಿದೆ. ಸುಣ್ಣದ ಗೋಡೆಯ ಮೇಲೆ ಅವಳ ಮಂಡಿ ತಾಗಿ ತಾಗಿ ಕೆಂಪು ಮಣ್ಣಿನ ಒಂದು ಕಲೆ ಮೂಡಿತು. ಗೋಡೆ ಹಾಳಾಯಿತು ಎಂದು ಅದಕ್ಕೂ ಗೊಣಗಿದೆ.

ಗಿರಿಜಕ್ಕ ನನ್ನ ಜೊತೆ ಮಾತು ಬಿಟ್ಟಳು. ಹಾಜರಿ ಕರೆದಾಗ "ಇದ್ದೀನಿ" ಎನ್ನುವುದೊಂದೇ. ಆ ಒಂದು ಪದವನ್ನೂ ಬೇರೆ ಎಲ್ಲೋ ನೋಡುತ್ತಾ ಹೇಳುತ್ತಿದ್ದಳು.

ಜನವರಿಯ ಕೊನೆಗೆ, ಕಣದ ತುಂಬ ಹಣ್ಣು ಒಣಗಲು ಹರವಿದ್ದಾಗ, ಮಧ್ಯಾಹ್ನ ಇದ್ದಕ್ಕಿದ್ದಂತೆ ಮಳೆ ಬಂತು. ಕಾಫಿ ಬೆಳೆಯುವವರಿಗೆ ಆ ಹೊತ್ತಿನ ಮಳೆಯಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಎಲ್ಲರೂ ಕೆಲಸ ಬಿಟ್ಟು ಓಡಿದರು, ಹಣ್ಣು ಗುಡ್ಡೆ ಮಾಡಿ ಟಾರ್ಪಾಲು ಎಳೆದರು. ಕೋಚೂ ಗೆಸ್ಟುಗಳೂ ಓಡಿಬಂದರು. ಅವನು ಒಣಗಿದ ಹಣ್ಣಿನ ಮೂಟೆ ಎತ್ತಲು ಬಗ್ಗಿದಾಗ ನಾನು ಮಳೆಯನ್ನೂ ಮರೆತು ನೋಡುತ್ತಾ ನಿಂತೆ. ಸೊಂಟ ಹಿಡಿದುಕೊಂಡು ಕೂಗಿಕೊಳ್ಳುತ್ತಾನೆ ಎಂದು ಕಾದೆ. ಮಂಡಿ ಮಡಚಿ, ಬೆನ್ನು ನೆಟ್ಟಗಿಟ್ಟು, ಹೂವಿನ ಹಾಗೆ ಎತ್ತಿ ಗೋದಾಮಿಗೆ ಹಾಕಿ ಬಂದ. ಒಂದಲ್ಲ, ಆರು ಮೂಟೆ. ನನಗೆ ತುಂಬಾ ನಿರಾಸೆಯಾಯಿತು. ಅವನು ಪೂರ್ತಿ ಸುಳ್ಳಾಗಿದ್ದರೆ ನನಗೆ ಎಷ್ಟೋ ಸಮಾಧಾನವಿರುತ್ತಿತ್ತು.

ಆ ಗಡಿಬಿಡಿಯಲ್ಲಿ ಗಿರಿಜಕ್ಕನ ಮೂರು ಮೂಟೆಗಳೂ ರಾಶಿಯಲ್ಲಿ ಸೇರಿಹೋದವು. ಮರುದಿನ ಬೆಳಿಗ್ಗೆ ಬೇಗ ಗೋದಾಮಿಗೆ ಹೋದರೆ, ಅವಳು ಬರಿದಾದ ಜಗಲಿಯ ಮುಂದೆ ನಿಂತಿದ್ದಳು. ಕೇಳಲಿಲ್ಲ. ಕೇಳುವವಳಲ್ಲ ಎಂದು ನನಗೆ ಗೊತ್ತಿತ್ತು. ಬೀಗ ತೆಗೆದು ಮೂಟೆಗಳನ್ನು ನಾನೇ ಎಳೆದು ತಂದೆ. ಮೂರನೆಯದನ್ನು ಎತ್ತಿ ಹಾಕಲು ಹೋದಾಗ, "ಎರಡು ಸಾಕು" ಎಂದಳು. ಅವಳು ಎರಡು ಮೂಟೆಗೆ ಇಳಿದದ್ದು ನನಗೆ ತಿಳಿದದ್ದು ಹಾಗೆ.

ಫೆಬ್ರವರಿಯಲ್ಲಿ, ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕ್ಯೂರಿಂಗ್ ಕಾರ್ಖಾನೆಗೆ ಮೂಟೆ ಸಾಗಿಸಲು ಲಾರಿ ಬಂತು. ಗೋದಾಮು ಖಾಲಿಯಾಗುತ್ತಾ ಬಂದಾಗ ಮೇಸ್ತ್ರಿ ಕೂಗಿದ. "ರೈಟ್ರೆ, ಜಗಲೀಲಿ ಒಂದು ಮೂಟೆ ಉಳೀತಲ್ಲ?"

"ಇರ್ಲಿ ಬಿಡು. ಅದು ಸರಿಯಾಗಿ ಒಣಗಿಲ್ಲ."

ಒಣಗಿತ್ತು. ಆ ವರ್ಷ ನಾನು ಮಾಡಿದ ಒಳ್ಳೆಯ ಕೆಲಸ ಇದೊಂದೇ, ಅದೂ ಸುಳ್ಳು ಹೇಳಿ. ದೊಡ್ಡದೇನಲ್ಲ. ಕಮೋಡಿನ ಮಾತನ್ನು ಗೌಡ್ರಿಗೆ ಆಗಲೂ ಹೇಳಿರಲಿಲ್ಲ, ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು.

ಒಂದು ಮೂಟೆಯಿಂದ ನೆಲಕ್ಕೆ ಇಳಿಯುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಮೂಟೆ ತೆಗೆದು ಖಾಲಿ ಗೋಣಿಗಳನ್ನು ಮಡಚಿ ಪೇರಿಸಿದರು, ದಿನಕ್ಕೊಂದು ಗೋಣಿ ಕಡಿಮೆ ಮಾಡುತ್ತಾ ಬಂದರು. ಕೆಲವು ದಿನ ಕಾಲು ಊದಿಕೊಂಡು ಮತ್ತೆ ಎರಡು ಗೋಣಿ ಮೇಲೆ ಹೋಗುತ್ತಿದ್ದಳು. ಒಂದು ಸಂಜೆ ಗೋಡೆಗೆ ಮುಖ ಮಾಡಿ ಅಳುವುದನ್ನೂ ನೋಡಿದೆ. ಸುಮಾ ಸಮಾಧಾನ ಮಾಡಲಿಲ್ಲ. "ಆಯ್ತಾ ಗಿರಿಜಕ್ಕ? ಈಗ ಇನ್ನೈದು ಸಲ" ಎಂದಳು.

ಮಾರ್ಚಿನ ಮೊದಲ ವಾರ, ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆಗೆ ಮುಂಚೆ, ತೋಟದಲ್ಲಿ ಕೊನೆಯ ಸಲ ಉದುರು ಹೆಕ್ಕುವ ಕೆಲಸ. ಹೆಂಗಸರು ಸಾಲಾಗಿ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ತರಗೆಲೆ ಸರಿಸಿ, ಬಿದ್ದ ಹಣ್ಣು ಆರಿಸುತ್ತಾ ಮುಂದೆ ಮುಂದೆ ಹೋಗುತ್ತಾರೆ. ಗಿರಿಜಕ್ಕನನ್ನು ನಾನು ನಿಂತು ಮಾಡುವ ಕೆಲಸಕ್ಕೆಂದು ಸಸಿಗಳ ನರ್ಸರಿಗೆ ಹಾಕಿದ್ದೆ. ಅವಳು ನರ್ಸರಿಗೆ ಹೋಗಲಿಲ್ಲ. ನೆಟ್ಟಗೆ ಬಂದು ಲತಾಳ ಪಕ್ಕದ ಸಾಲಿನಲ್ಲಿ ನಿಂತಳು. 

ಅವಳು ಎರಡೂ ಪಾದ ಊರಿ, ಸೀರೆಯನ್ನು ಮಂಡಿಗಳ ನಡುವೆ ಸಿಕ್ಕಿಸಿ, ಇಳಿದಳು. ನಿಧಾನವಾಗಿ ಇಳಿದಳು. ಲತಾ ಅರ್ಧ ಎದ್ದು ಕೈ ಚಾಚಿದ್ದಳು, ಅದನ್ನು ಹಿಡಿಯಲಿಲ್ಲ. ನನ್ನ ಕಣ್ಣು ಅವಳ ಎಡ ಹಿಮ್ಮಡಿಯ ಮೇಲೇ ಇತ್ತು. ಅದು ಮಣ್ಣು ಬಿಡಲಿಲ್ಲ. ಪೂರ್ತಿ ಕೂತಳು. ತರಗೆಲೆ ಸರಿಸಿ ಒಂದು ಹಣ್ಣು ಹೆಕ್ಕಿದಳು, ಇನ್ನೊಂದು ಹೆಕ್ಕಿದಳು, ಸೊಂಟದ ಚೀಲಕ್ಕೆ ಹಾಕಿದಳು. ಲತಾ ಅಳುತ್ತಿದ್ದಳು. ಸಾಲಿನಲ್ಲಿದ್ದವರೆಲ್ಲ ಕೈ ನಿಲ್ಲಿಸಿದ್ದರು.

ಹಾಜರಿಯ "ಇದ್ದೀನಿ", ಅವತ್ತಿನ "ಎರಡು ಸಾಕು" ಬಿಟ್ಟರೆ, ಸುಮಾರು ಎರಡು ತಿಂಗಳ ಮೇಲೆ ಅವಳು ನನ್ನ ಜೊತೆ ಮಾತಾಡಿದ್ದು ಆಗ. ತಲೆಯೆತ್ತಲಿಲ್ಲ, ಹೆಕ್ಕುವುದನ್ನೂ ನಿಲ್ಲಿಸಲಿಲ್ಲ.

"ಅವತ್ತು ಕೂತು ಬಾ ಅಂದಿದ್ರಲ್ಲ ರೈಟ್ರೆ. ಕೂತಿದ್ದೀನಿ ನೋಡಿ. ಈಗ ನಗಿ."

ತಕ್ಕಡಿ ಕಟ್ಟಿದ್ದಾರಾ ನೋಡಿ ಬರುತ್ತೇನೆ ಎಂದು ಯಾರಿಗೋ ಹೇಳಿದಂತೆ ಹೇಳಿಕೊಂಡು ನಾನು ಅಲ್ಲಿಂದ ಹೊರಟೆ. ತೂಕಕ್ಕೆ ಇನ್ನೂ ಆರು ಗಂಟೆ ಇತ್ತು.

ಮೊದಲ ಮಳೆಗೆ ಗೆಸ್ಟುಗಳು ಬರುವುದು ನಿಂತಿತು, ಎರಡನೆಯದಕ್ಕೆ ಕೋಚ್ ಇನ್ನೆಲ್ಲಿಗೋ ಹೋದ. ಅವನ ಚಾಪೆಗಳ ಮೇಲೆ ಮರುವರ್ಷ ಮೆಣಸು ಒಣಗಿಸಿದೆವು, ಆ ಕೆಲಸಕ್ಕೆ ಚೆನ್ನಾಗಿದ್ದವು. ಸುಮಾ ಮೂಡಿಗೆರೆಯಲ್ಲಿ ಕೊಠಡಿ ಹಿಡಿದಳು. ಗಿರಿಜಕ್ಕ ಈಗಲೂ ಲೈನಿನಲ್ಲಿದ್ದಾಳೆ, ಬಣಕಲ್ ಸಂತೆಯಲ್ಲಿ ಕಂಡರೆ "ಆರಾಮಾ ರೈಟ್ರೆ" ಎನ್ನುತ್ತಾಳೆ. ತಪ್ಪಾಯಿತು ಎಂದು ನಾನು ಇನ್ನೂ ಹೇಳಿಲ್ಲ. ಊರವರನ್ನೆಲ್ಲ ಆಡಿಕೊಂಡ ಬಾಯಿಗೆ ಅದೊಂದು ಮಾತು ಬರುವುದಿಲ್ಲ.

ಈಗ ವಾರಕ್ಕೆರಡು ಸಲ ನಾನು ಆ ಮಹಡಿ ಹತ್ತುತ್ತೇನೆ. ಸುಮಾಳ ಕೋಣೆಯಲ್ಲಿ ಮೂಟೆಗಳಿಲ್ಲ, ಒಂದರ ಮೇಲೊಂದು ಜೋಡಿಸುವ ಮರದ ಮಣೆಗಳಿವೆ. ಎರಡು ಮೂಟೆಯ ಎತ್ತರಕ್ಕೆ ಬಂದಿದ್ದೇನೆ. ಹೊರಗೆ ಬೆಂಚಿನ ಮೇಲೆ ಐದಾರು ಜನ ಕಾಯುತ್ತಾ ಕೂತಿರುತ್ತಾರೆ, ಬಾಗಿಲು ತೆರೆದಿದ್ದರೆ ಒಳಗಿನದೆಲ್ಲ ಕಾಣುತ್ತದೆ. ಬೇರೆಯವರ ಕೈ, ಕುತ್ತಿಗೆ ನೋಡುವಾಗ ಸುಮಾ ಬಾಗಿಲನ್ನು ಹಾಗೇ ಬಿಟ್ಟಿರುತ್ತಾಳೆ. ನನಗೆ ಕೂರಿ ಎನ್ನುವ ಮೊದಲು ಮಾತ್ರ ಎದ್ದು ಹೋಗಿ ಬಾಗಿಲು ಮುಚ್ಚಿ ಬರುತ್ತಾಳೆ. ಮುಚ್ಚು ಎಂದು ನಾನು ಕೇಳಿರಲಿಲ್ಲ.